ಕೆಳಬೀದಿಗೆ ಐದೇ ಸುತ್ತು

ಊರಿನ ನೀರುಗಂಟಿಯ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿತ್ತು. ಮೂವತ್ತೊಂದು ವರ್ಷ ಹಾರೆಯಷ್ಟುದ್ದದ ವಾಲ್ವಿನ ಕೀಲಿ ಹೊತ್ತು ಬೀದಿ ಬೀದಿ ಸುತ್ತಿದ್ದಕ್ಕೆ ಸಿಕ್ಕ ಬಳುವಳಿ ಅದು. ಓದಿದ್ದು ನಾಲ್ಕನೇ ತರಗತಿ. ಆದರೆ ನೆಲದಡಿ ಯಾವ ಕೊಳವೆ ಎಲ್ಲಿ ಹೊರಳುತ್ತದೆ, ಯಾವ ವಾಲ್ವನ್ನು ಎಷ್ಟು ಸುತ್ತು ಬಿಚ್ಚಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಕೆಳಬೀದಿಗೆ ಐದೇ ಸುತ್ತು. ಅದರ ಮೇಲೆ ಬಿಚ್ಚಿದರೆ ನೀರೆಲ್ಲ ಇಳಿಜಾರು ಹಿಡಿದು ಅಲ್ಲೇ ಸುರಿದುಹೋಗಿ, ದಿಬ್ಬದ ಬೀದಿಯ ನಲ್ಲಿಗಳು ಬರೀ ಗಾಳಿ ಉಗುಳುತ್ತವೆ.

ಒಂದು ವರ್ಷದ ಹಿಂದೆ ಶಾಲೆಯ ಮೂಲೆಯ ನಲ್ಲಿಯ ತಲೆಯನ್ನು ಆರನೇ ತರಗತಿಯ ಮಕ್ಕಳು ಆಟಕ್ಕೆಂದು ಕಿತ್ತಿದ್ದರು. ನೀರುಗಂಟಿ ಬೈಯಲಿಲ್ಲ. ಜೇಬಿನಿಂದ ಒಂದು ವಾಷರ್ ತೆಗೆದು, "ಕೀಳೋಕೆ ಬಂದ ಕೈಗೆ ಕೂಡ್ಸೋಕೂ ಬರುತ್ತಾ ನೋಡೋಣ" ಎಂದು ಅವರ ಕೈಯಲ್ಲಿಟ್ಟ. ಅಂದಿನಿಂದ ಶನಿವಾರ ಬೆಳಗ್ಗೆ ಅವನ ಹಿಂದೆ ಒಂಬತ್ತು ಮಕ್ಕಳು. ಸೋರುವ ನಲ್ಲಿ ಹುಡುಕಿ ಸರಿಮಾಡುವುದು, ಒಡೆದ ಕೊಳವೆ ಕಂಡರೆ ಕಚೇರಿಗೆ ಹೋಗಿ ಹೇಳುವುದು. ಶಾಲೆಯ ದೊಡ್ಡ ಟೀಚರಮ್ಮ ಒಪ್ಪಿದ್ದು ಒಂದು ಷರತ್ತಿನ ಮೇಲೆ: "ಒಂದೇ ಒಂದು ದೂರು ಬಂದ್ರೂ ಈ ಓಡಾಟ ಬಂದ್."

"ಸ್ವಂತ ಮೊಮ್ಮಕ್ಕಳನ್ನ ಹೀಗೆ ಮೆರೆಸಿದ್ರಾ?" ಎಂದು ಮನೆಯಾಕೆ ಮೂತಿ ತಿರುವುತ್ತಿದ್ದಳು. ಅವನ ಲೆಕ್ಕ ಬೇರೆ. ಇನ್ನೆಂಟು ತಿಂಗಳಿಗೆ ನಿವೃತ್ತಿ. ಆಮೇಲೆ ಯಾರೋ ಹೊಸಬ ಬರುತ್ತಾನೆ. ನೀರು ತಮ್ಮದು ಎಂದು ತಿಳಿದವರು ನಾಲ್ಕು ಜನವಾದರೂ ಊರಲ್ಲಿ ಉಳಿಯಬೇಕು.

ಆ ಶನಿವಾರ ಅವನ ಸೊಂಟ ಹಿಡಿದುಕೊಂಡಿತು. ಬಾಗಿದರೆ ಏಳಲಾರ, ಎದ್ದರೆ ಬಾಗಲಾರ. ಜಗಲಿಯಲ್ಲೇ ಕುಳಿತು ಮಕ್ಕಳಿಗೆ ಕೀಲಿ ಕೊಟ್ಟ. "ಕೆಳಬೀದಿ ವಾಲ್ವು ನೀವೇ ಬಿಚ್ಚಿ ಬನ್ನಿ. ಕೀಲಿಗೆ ಕಿತ್ತಾಡಬೇಡಿ, ಎಲ್ಲರೂ ಸಮನಾಗಿ ಹಂಚ್ಕೊಳ್ಳಿ."

ಎಷ್ಟು ಸುತ್ತು ಎಂದು ಹೇಳಲೇ ಇಲ್ಲ. ತನಗೆ ಗೊತ್ತಿದ್ದದ್ದು ಜಗತ್ತಿಗೇ ಗೊತ್ತು ಎಂಬ ಭ್ರಮೆ.

ಹತ್ತು ಗಂಟೆಗೆ ದಿಬ್ಬದ ಬೀದಿಯ ಇಸ್ತ್ರಿ ಅಂಗಡಿಯಾಕೆ ಖಾಲಿ ಬಕೆಟ್ ಹಿಡಿದು ಶಾಲೆಗೇ ನುಗ್ಗಿದಳು. ಹಿಂದೆ ಇನ್ನೂ ಆರು ಹೆಂಗಸರು.

"ಟೀಚರಮ್ಮ, ಪಾಠ ಹೇಳ್ತೀರೋ, ಊರಿನ ಗಂಟಲು ಒಣಗಿಸ್ತೀರೋ? ಕೆಳಗೆ ತೊಟ್ಟಿ ತುಂಬಿ ಚರಂಡೀಗೆ ಹರೀತಿದೆ, ನಮ್ಮಲ್ಲಿ ನಾಲಿಗೆ ನೆನೆಯೋಕೂ ಇಲ್ಲ!"

ಸುದ್ದಿ ತಿಳಿದು ನೀರುಗಂಟಿ ಗೋಡೆ ಹಿಡಿದು ಹಿಡಿದು ಬಂದ. "ತಪ್ಪು ನಂದಮ್ಮ. ಮಕ್ಕಳನ್ನ ಎಳೀಬೇಡಿ."

"ಎಳೆಯೋದೇನು ಬಂತು? ಷರತ್ತು ನೆನಪಿದೆಯಲ್ಲ? ಇವತ್ತಿಗೆ ಮುಗೀತು" ಎಂದರು ಟೀಚರಮ್ಮ.

ಆಗ ಒಂಬತ್ತರಲ್ಲಿ ಗಟ್ಟಿಗಿತ್ತಿಯೆಂದು ಹೆಸರಾದ ಎರಡು ಜಡೆಯ ಹುಡುಗಿ ಎದ್ದು ನಿಂತಳು. "ಟೀಚರ್, ಕೀಲಿ ತಿರುಗಿಸಿದ್ದು ನಾವು. ತಾತ ಸಮನಾಗಿ ಹಂಚ್ಕೊಳ್ಳಿ ಅಂದ್ರು. ಅದಕ್ಕೆ ತಲೆಗೊಂದು ಸುತ್ತು ತಿರುಗಿಸಿದ್ವಿ."

ನೀರುಗಂಟಿ ಹಣೆ ಚಚ್ಚಿಕೊಂಡ. ಒಂಬತ್ತು ತಲೆ, ಒಂಬತ್ತು ಸುತ್ತು. "ಅಯ್ಯೋ, ಅದಕ್ಕೆ ಐದೇ ಸುತ್ತು ಕಣವ್ವ!" ಐದು ಎಂಬ ಮಾತು ಕೇಳಿದ ಹುಡುಗಿಯ ಮುಖ ಬಾಡಿತು. ಆದರೆ ಆಕೆ ಕೂರಲಿಲ್ಲ.

"ಹಾಗಾದ್ರೆ ನಾಲ್ಕು ಸುತ್ತಿನ ನೀರು ಕೆಳಬೀದಿಯವರ ಹತ್ರ ಜಾಸ್ತಿ ಇದೆ. ಕೇಳಿ ತರ್ತೀವಿ."

"ಕೊಟ್ಟಾರೇನೇ ನಿನಗೆ?" ಎಂದಳು ಇಸ್ತ್ರಿಯಾಕೆ.

"ಕೇಳದೆ ಹೇಗೆ ಗೊತ್ತಾಗುತ್ತೆ ಅಕ್ಕ? ಮೊದಲು ನಿಮ್ಮ ಬಕೆಟ್ ಕೊಡಿ."

ಟೀಚರಮ್ಮ ಹೋಗಿ ಎಂಬಂತೆ ಕೈ ಬೀಸಿದರು. ಮಕ್ಕಳು ಕೆಳಬೀದಿಯ ಮನೆಮನೆಯ ಬಾಗಿಲು ತಟ್ಟಿದರು. "ನಮ್ಮಿಂದ ತಪ್ಪಾಯ್ತು, ದಿಬ್ಬದವರ ನೀರು ನಿಮ್ಮ ತೊಟ್ಟೀಲಿದೆ." ಒಬ್ಬ ಮುದುಕ, "ನೀರಿನ ಮೇಲೆ ಅವರ ಹೆಸರು ಬರೆದಿದೆಯೇನ್ರೋ?" ಎಂದು ಛೇಡಿಸಿದನಾದರೂ ಕೊಡ ತಾನೇ ತುಂಬಿಸಿದ. ದಿಬ್ಬಕ್ಕೆ ಹತ್ತುವ ಮೆಟ್ಟಿಲುಗಳ ಉದ್ದಕ್ಕೂ ಮಕ್ಕಳು ಸಾಲು ನಿಂತು ಕೈಯಿಂದ ಕೈಗೆ ದಾಟಿಸಿದರು. ಅರ್ಧ ಗಂಟೆಯಲ್ಲಿ ಕೆಳಬೀದಿಯ ಗಂಡಸರೂ ಹೆಂಗಸರೂ ಸಾಲಿಗೆ ಸೇರಿದರು. ಮೇಲಿನ ಮೆಟ್ಟಿಲಲ್ಲಿ ಕೊಡ ಇಸಿದುಕೊಳ್ಳುತ್ತಿದ್ದವಳು ಇಸ್ತ್ರಿಯಾಕೆ. "ನಿಧಾನ ಕಣ್ರೋ, ಚೆಲ್ಲಬೇಡಿ" ಎಂಬ ಗದರಿಕೆಯೂ ಅವಳದೇ.

ಮಧ್ಯಾಹ್ನ ಟೀಚರಮ್ಮ ದೂರು ಹಿಂತೆಗೆಯುತ್ತೀರಾ ಎಂದು ಕೇಳಿದಾಗ ಆಕೆ, "ನೀರು ಬಂದ್ಮೇಲೆ ದೂರು ಯಾತರದು? ಮುಂದಿನ ವಾರ ನನ್ನ ಮಗನ್ನೂ ಸೇರಿಸ್ಕೊಳ್ಳಿ, ಮನೇಲಿ ಒಂದು ಕಡ್ಡಿ ಎತ್ತಿಡಲ್ಲ" ಎಂದಳು.

ಮುಂದಿನ ಶನಿವಾರ ಸೊಂಟ ನೆಟ್ಟಗಾಗಿತ್ತು. ಆದರೂ ನೀರುಗಂಟಿ ವಾಲ್ವಿನ ಗುಂಡಿಯ ಬಳಿ ನಿಂತು ಕೀಲಿಯನ್ನು ಮಕ್ಕಳ ಕೈಗೇ ಕೊಟ್ಟ.

"ಕೆಳಬೀದಿಗೆ ಎಷ್ಟು?"

"ಐದು!"

"ಇಸ್ತ್ರಿಯಾಕೆ ಮಗನೂ ಸೇರಿ ನೀವು ಹತ್ತು ಜನ. ಮಿಕ್ಕ ಐದು ಜನಕ್ಕೇನು ಕೆಲಸ?"

"ಅವರಾಗಲೇ ದಿಬ್ಬ ಹತ್ತಿದ್ದಾರೆ ತಾತ, ನಲ್ಲಿ ಮುಂದೆ ನಿಂತು ನೀರು ಬಂತಾ ನೋಡೋಕೆ" ಎಂದಳು ಎರಡು ಜಡೆಯವಳು, ಕೀಲಿಯನ್ನು ಗುಂಡಿಗೆ ಇಳಿಸುತ್ತ.