ಕಪ್ಪು ಮುಚ್ಚಳದ ಕೆಳಗೆ

ಮಹಾನಂದಾ, ನಿನ್ನ ಕಣ್ಣು ಕೆಟ್ಟಿರಲಿಲ್ಲ. ಆ ದಿನ ಬಣ್ಣ ಬದಲಿಸಿದವಳು ನಾನು — ನಿನ್ನ ನೆಗೆಣ್ಣಿ, ನೀನು ಬಾಯ್ತುಂಬ ಅಕ್ಕಾ ಎಂದು ಕರೆಯುವವಳು.

ಜಹೀರಾಬಾದಿನ ನಮ್ಮ ಹಲ್ಲಿನ ದವಾಖಾನೆಗೆ ಮೊದಲು ಬಂದವಳು ನಾನು. ಮೈದುನನನ್ನು ಮದುವೆಯಾಗಿ ಬಂದ ನೀನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡೆ. ವರ್ಷ ತುಂಬುವುದರೊಳಗೆ ಬಾಗಿಲಿಗೆ ಬಂದವರೆಲ್ಲ ಕೇಳತೊಡಗಿದರು: "ಸಣ್ಣ ಡಾಕ್ಟರಮ್ಮ ಇಲ್ಲೇನ್ರಿ?" ನಾನು ಎದುರಿಗೇ ಕೂತಿರುತ್ತಿದ್ದೆ! ನೀನು ತುಂಬಿದ್ದು ಯಾವುದು, ಹುಟ್ಟಿದ ಹಲ್ಲು ಯಾವುದು — ನನಗೂ ಗುರುತು ಹತ್ತುತ್ತಿರಲಿಲ್ಲ. ನಮ್ಮ ಅತ್ತೆಯವರಂತೂ ಬಂದ ನೆಂಟರಿಗೆಲ್ಲ ಬಾಯಿ ತೆರೆದು ನಿನ್ನ ಕೆಲಸ ತೋರಿಸುತ್ತಿದ್ದರು. ಅದೇ ಬಾಯಿಯ ದವಡೆಗೆ ನಾನು ಹಾಕಿದ ಹಲ್ಲುಗಳ ಸುದ್ದಿಯೇ ಇಲ್ಲ. ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಚಂದದ ಹೆಸರು ಹುಡುಕುವುದಿಲ್ಲ.

ಹೀಗೇ ಕೆಲವು ವರ್ಷ ಕಳೆದ ಮೇಲೆ ನ್ಯಾಲ್ಕಲ್ ಕಡೆಯ ಸವಿತಾ ಬಂದಳು. ಕೈಪಂಪಿನ ಹಿಡಿ ಬಡಿದು ಮುಂದಿನ ಹಲ್ಲಿನ ಮೂಲೆ ಹಾರಿತ್ತು, ನಿಶ್ಚಿತಾರ್ಥ ಹತ್ತಿರವಿತ್ತು. ನೀನು ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಹಲ್ಲು ಹಸಿಯಿದ್ದಾಗಲೇ ಬಣ್ಣ ಆರಿಸಬೇಕು, ಒಣಗಿದರೆ ಸುಳ್ಳು ಬಿಳುಪು ತೋರಿಸುತ್ತದೆ — ಇದು ನಿನ್ನ ಪಟ್ಟು. ಒಳಪದರಕ್ಕೆ ತುಸು ಹಳದಿಯ ಮಂದ ಬಣ್ಣ, ಹೊರಪದರಕ್ಕೆ ಬೆಳಕು ಹಾಯುವ ತೆಳು ಬಣ್ಣ. ಹಲ್ಲು ತುಂಬುವ ಆ ಎರಡೂ ಬಣ್ಣದ ಲೇಪವನ್ನು ಕಾಳಿನಷ್ಟು ಗಾಜಿನ ಮೇಲೆ ತೆಗೆದಿಟ್ಟು, ಬೆಳಕಿಗೆ ಗಟ್ಟಿಯಾಗದಿರಲೆಂದು ಕಪ್ಪು ಮುಚ್ಚಳ ಮುಚ್ಚಿ, ದೀಪ ತಗ್ಗಿಸಿ, ಎಂಜಲು ತಾಗದಂತೆ ಹಲ್ಲಿಗೆ ರಬ್ಬರ್ ಹಾಳೆ ಕಟ್ಟಿದೆ. ಅಷ್ಟರಲ್ಲಿ ನಿನ್ನ ಮಗಳ ಶಾಲೆಯಿಂದ ಫೋನ್ ಬಂತು, ನೀನು ಹೊರಗೆ ಹೋದೆ.

ಸವಿತಾ ಕಣ್ಣು ಮುಚ್ಚಿ ಒರಗಿದ್ದಳು. ನಾನು ಮುಚ್ಚಳ ತೆಗೆದೆ. ಹಳದಿಯದನ್ನು ಒರೆಸಿ ಬಿಳಿಯದನ್ನು ಇಟ್ಟೆ. ಮುಚ್ಚಳ ಮತ್ತೆ ಮುಚ್ಚಿ ನನ್ನ ಕುರ್ಚಿಗೆ ಬಂದು ಕೂತೆ.

ನೀನು ಬಂದು ಪದರದ ಮೇಲೆ ಪದರ ಕೂರಿಸಿದೆ. ಅಷ್ಟೊತ್ತಿಗೆ ಹಲ್ಲು ಒಣಗಿ ಬೆಳ್ಳಗಾಗಿತ್ತು. ನನ್ನ ಬಿಳಿ ಅದಕ್ಕೆ ಹೊಂದಿಕೊಂಡಿತು. "ನೋಡ್ರಿ ಅಕ್ಕಾ, ಹೆಂಗ ಬಂದದ?" ಎಂದು ನೀನು ಕೇಳಿದೆ.

"ಭಾಳ ಚಲೋ ಆತು," ಅಂದೆ ನಾನು.

ಮರುದಿನ ಸವಿತಾ ಬಾಯಿಗೆ ದುಪ್ಪಟ್ಟಾ ಅಡ್ಡ ಹಿಡಿದು ಬಂದಳು. ಹಲ್ಲು ಮತ್ತೆ ಹಸಿಯಾಗಿ ತನ್ನ ಬಣ್ಣಕ್ಕೆ ಮರಳಿತ್ತು. ಮೂಲೆಯಲ್ಲಿ ಸುಣ್ಣ ಮೆತ್ತಿದಂತೆ ನನ್ನ ಕಿತಾಪತಿ. "ಹುಡುಗಿ ನಗದಂಗ ಮಾಡಿಟ್ರಲ್ಲರಿ!" ಎಂದು ಅವಳ ತಾಯಿ ನಿನ್ನ ಮೇಲೆ ಹರಿಹಾಯ್ದಳು. ಅದನ್ನು ಕೆರೆದು ಹೊಸದಾಗಿ ತುಂಬಿದವಳು ನಾನೇ — ನೀನು ಆರಿಸಿದ್ದ ಅದೇ ಎರಡು ಬಣ್ಣಗಳಿಂದ. ಹೊಗಳಿಸಿಕೊಂಡವಳೂ ನಾನೇ.

"ನನ್ನ ಕಣ್ಣೇ ಹಾಳಾಗ್ಯಾವ ಅಕ್ಕಾ. ಇನ್ಮ್ಯಾಲ ಮುಂದಿನ ಹಲ್ಲು ನೀವೇ ಮಾಡ್ರಿ," ಎಂದುಬಿಟ್ಟೆ ನೀನು. ಕಣ್ಣಿನ ಡಾಕ್ಟರು ಏನೂ ದೋಷವಿಲ್ಲ ಅಂದರೂ ನಂಬಲಿಲ್ಲ. ಅಂದಿನಿಂದ ಹಲ್ಲು ಕೀಳುತ್ತೀ, ಬೇರಿನ ಚಿಕಿತ್ಸೆ ಮಾಡುತ್ತೀ. ಬಣ್ಣದ ಕೆಲಸ ಮುಟ್ಟಿಲ್ಲ. ಸೀರೆಗೆ ಕುಪ್ಪಸ ಹೊಂದುತ್ತದೋ ಇಲ್ಲವೋ ಎಂದು ಕೂಡ ನನ್ನನ್ನು ಕೇಳುತ್ತೀ. ಆಗೆಲ್ಲ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತದೆ.

ಕಳೆದ ವಾರ ಕಬ್ಬು ಸಿಗಿಯುವಾಗ ನನ್ನ ಮುಂದಿನ ಹಲ್ಲೇ ಮುರಿಯಿತು. ನಿನ್ನ ಮುಂದೆ ಬಾಯಿ ತೆರೆದು ಕೂತೆ. ನೀನು ಹಿಂದೆ ಸರಿದೆ. "ಹೈದರಾಬಾದಿಗೆ ಹೋಗಿ ಬರ್ರಿ ಅಕ್ಕಾ. ನಂಗ ಬಣ್ಣ ತಿಳಿಯಂಗಿಲ್ಲ."

ಹೋಗುವುದಿಲ್ಲ. ನಾಳೆ ದವಾಖಾನೆಗೆ ಹೊರಡುವ ಮೊದಲೇ, ಅತ್ತೆಯವರ ಎದುರಿಗೇ, ಇದಿಷ್ಟನ್ನೂ ನಿನಗೆ ಹೇಳುತ್ತೇನೆ. ಕ್ಷಮಿಸು ಎನ್ನುವ ಮುಖ ನನಗಿಲ್ಲ. ನೀನು ಮತ್ತೆ ಕಿಟಕಿಯ ಬಳಿ ನಿಂತು ಬಣ್ಣ ಆರಿಸುವವರೆಗೆ ಈ ಹಲ್ಲನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ. ಆ ದಿನ ಬಾರದಿದ್ದರೆ ಮುರುಕು ಹಲ್ಲಿನಲ್ಲೇ ಇರುತ್ತೇನೆ. ಹಲ್ಲಿನ ಡಾಕ್ಟರಮ್ಮ ತನ್ನ ಹಲ್ಲನ್ನೇ ಯಾಕೆ ತುಂಬಿಸಿಕೊಂಡಿಲ್ಲ ಎಂದು ಯಾರಾದರೂ ಕೇಳಿದರೆ — ಹೇಳುತ್ತೇನೆ.