ದಲ್ಲಾಳಿ ಗುರಣ್ಣನ ಕೈಗಡಿಯಾರ

ಒಂದು ಗಡಿಯಾರ ಕೊಳ್ಳುವುದು ಇಷ್ಟು ತಲೆನೋವಿನ ಕೆಲಸ ಎಂದು ಯಾರಾದರೂ ಮೊದಲೇ ಹೇಳಿದ್ದರೆ, ಮುತ್ಯಾನಿಗೆ ಒಂದು ಧೋತರ ಕೊಟ್ಟು ಕಾಲಿಗೆ ಬಿದ್ದು ಸುಮ್ಮನಾಗಿಬಿಡುತ್ತಿದ್ದೆ. ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಬಿಡಿ.

ಮುತ್ಯಾ ಅಂದರೆ ನಮ್ಮ ಅಪ್ಪನ ಅಪ್ಪ, ಬಬಲೇಶ್ವರದ ಗುರಣ್ಣ. ದನದ ಸಂತೆಯಲ್ಲಿ ದಲ್ಲಾಳಿ. ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವನು. ಅವನ ಕೆಲಸ ಬಾಯಿಯದಲ್ಲ, ಕೈಯದು. ಹೆಗಲ ಮೇಲಿನ ಟವೆಲ್ಲು ತೆಗೆದು ಬಲಗೈ ಮೇಲೆ ಹೊದ್ದಿಸಿಕೊಳ್ಳುತ್ತಿದ್ದ. ಮಾರುವವನು ಅದರ ಕೆಳಗೆ ಕೈ ಹಾಕಿ ಮುತ್ಯಾನ ಬೆರಳು ಒತ್ತುತ್ತಿದ್ದ. ಯಾವ ಬೆರಳು, ಎಲ್ಲಿ ಒತ್ತಿದ ಎಂಬುದರಲ್ಲೇ ಅವನ ಬೆಲೆ. ಆಮೇಲೆ ಕೊಳ್ಳುವವನ ಸರದಿ. ಸುತ್ತ ನಿಂತವರಿಗೆ ಟವೆಲ್ಲು ಅಲುಗಾಡುವುದಷ್ಟೇ ಕಾಣುತ್ತಿತ್ತು. ಇಬ್ಬರ ಮನಸ್ಸಿನಲ್ಲೂ ಏನಿದೆ ಎಂದು ಗೊತ್ತಿರುವವನು ನಡುವಿನವನೊಬ್ಬನೇ. ಅವನು ಒಂದು ಕಡೆ ವಾಲಿದರೆ ಇನ್ನೊಂದು ಕಡೆಯವನ ಕತೆ ಮುಗಿದಂತೆ. ಮುತ್ಯಾ ಮೀಸೆ ಮೂಡಿದಾಗಿನಿಂದ ಎಪ್ಪತ್ತು ದಾಟುವವರೆಗೂ ಅದೇ ಸಂತೆಯಲ್ಲಿ ನಿಂತ. ಅವನು ವಾಲಿದ ಅಂತ ಒಬ್ಬರೂ ಆಡಿಕೊಂಡದ್ದಿಲ್ಲ.

ಸಂತೆಯ ಒಳಗಿನ ಮಾತಾಯಿತು ಇದು. ಹೊರಗೆ? ಹೊರಗೆ ದಲ್ಲಾಳಿ ಅಂದರೆ ಬೈಗುಳ. ನನ್ನ ಲಗ್ನದ ಮಾತುಕತೆಗೆ ಬಂದಿದ್ದ ವಿಜಯಪುರದ ಬೀಗರಲ್ಲಿ ಒಬ್ಬಾಕೆ, ಇವಳು ದಲ್ಲಾಳಿ ಮನೆಯ ಹುಡುಗಿ, ನಮ್ಮನ್ನೆಲ್ಲ ಮಾರಿ ಬಂದಾಳು ಎಂದು ನಕ್ಕಿದ್ದಳು. ಮುತ್ಯಾನೂ ಅವರ ಸಂಗಡ ನಕ್ಕ. ನನಗೆ ಮೈಯೆಲ್ಲ ಉರಿದು ಹೋಯಿತು. ಮದುವೆಯಾಗಿ ಇಷ್ಟು ವರ್ಷವಾದರೂ ಆ ನಗು ನನ್ನ ಕಿವಿಯಿಂದ ಹೋಗಿಲ್ಲ. ಎಂದಾದರೂ ಒಂದು ದಿನ ಆ ಬೀಗರ ಕಣ್ಣೆದುರಿಗೇ ಮುತ್ಯಾನನ್ನು ದೊಡ್ಡ ಮನುಷ್ಯನಾಗಿ ನಿಲ್ಲಿಸಬೇಕು, ಅವರ ಬಾಯಿ ಮುಚ್ಚಿಸಬೇಕು ಎಂದು ಹಟ ಹಿಡಿದಿದ್ದೆ.

ಆ ದಿನ ಬಂದದ್ದು ಸಕ್ಕರೆ ಕಾಯಿಲೆಯ ದೆಸೆಯಿಂದ. ಮುತ್ಯಾನ ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ಯಾರು ಒತ್ತಿದರು, ಎಷ್ಟು ಒತ್ತಿದರು, ಗೊತ್ತಾಗದಂತಾಯಿತು. ಬೇರೆ ಯಾರಾದರೂ ಆಗಿದ್ದರೆ ಅಂದಾಜಿನ ಮೇಲೆ ಇನ್ನೂ ಹತ್ತು ವರ್ಷ ದೂಡುತ್ತಿದ್ದರು. ಇವನು ತಾನಾಗಿಯೇ ಸಂತೆಯ ಹಿರಿಯರ ಬಳಿ ಹೋಗಿ, ಇನ್ನು ನನ್ನಿಂದ ಆಗುವುದಿಲ್ಲ ಎಂದು ಹೇಳಿ ಬಂದ. ಅವರು ಹಾಗೇ ಕಳಿಸಲು ಒಪ್ಪಲಿಲ್ಲ. ಸಂತೆಯಲ್ಲೇ ಪೆಂಡಾಲು ಹಾಕಿಸಿ ಸತ್ಕಾರ ಮಾಡುತ್ತೇವೆ, ಕೊನೆಯದಾಗಿ ಒಂದು ಜೋಡಿ ಎತ್ತಿನ ವ್ಯಾಪಾರ ನಿನ್ನ ಟವೆಲ್ಲಿನ ಕೆಳಗೇ ಆಗಬೇಕು ಎಂದರು.

ಸರಕಾರಿ ನೌಕರಿಯವರು ನಿವೃತ್ತರಾದರೆ ಗಡಿಯಾರ ಕೊಡುತ್ತಾರಲ್ಲ, ನಮ್ಮ ಮುತ್ಯಾ ಯಾರಿಗೆ ಕಡಿಮೆ? ಅದೂ ಅಂಥಿಂಥ ಗಡಿಯಾರವಲ್ಲ, ನೋಡಿದ ಕೂಡಲೇ ಬೀಗರು ಬಾಯಿಬಿಡುವಂಥದ್ದು ಎಂದು ತೀರ್ಮಾನಿಸಿದೆ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ಮದುಮಗಳ ಕುಬಸಗಳಿಗೆ ಜರಿ ಕಸೂತಿ ಹಾಕಿ ಕಣ್ಣು ಬತ್ತಿಸಿಕೊಂಡು ಕೂಡಿಟ್ಟ ದುಡ್ಡಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆದರೆ ನಮ್ಮ ಮನೆಯಲ್ಲಿ ಅಪ್ಪಣೆ ಕೇಳದಿದ್ದರೂ ಕೊಡುವವರಿಗೆ ಕೊರತೆಯಿಲ್ಲ. ಸತೀಶಕುಮಾರ ಕಾಕಾ, ನಮ್ಮ ಅಪ್ಪನ ತಮ್ಮ, ನಯಾಪೈಸೆ ಕೊಡದೆ ನನ್ನ ತಲೆಯ ಮೇಲೆ ಕೂತ. ಬಂಗಾರದ ಬಣ್ಣದ್ದೇ ಬೇಕು, ಇಲ್ಲದಿದ್ದರೆ ಫೋಟೊದಲ್ಲಿ ಕಾಣುವುದಿಲ್ಲವಂತೆ. ತೊಗಲಿನ ಪಟ್ಟಿ ಬೇಡವೇ ಬೇಡ, ಜನ್ಮವೆಲ್ಲ ಎತ್ತಿನ ಮೈ ಸವರಿದ ಮನುಷ್ಯನ ಕೈಗೆ ದನದ ಚರ್ಮ ಕಟ್ಟುತ್ತೀಯಾ ಎಂದು ಫೋನಿನಲ್ಲೇ ಕೂಗಾಡಿದ. ಮುತ್ಯಾ ಕಾಲಿಗೆ ಹಾಕುವ ಕೆರ ಯಾವುದರದು ಕಾಕಾ ಎಂದು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟ. ಅಜ್ಜಿ ಭೀಮಾಬಾಯಿಯದು ಇನ್ನೊಂದು ರಾಗ. ಅಂಕಿ ದೊಡ್ಡವಿರಬೇಕು, ಚಾಳೀಸು ಇಲ್ಲದೆ ಕಾಣಬೇಕು. ಅಷ್ಟು ಹೇಳಿ ಸುಮ್ಮನಾಗದೆ, ಅವರು ಕೈಗೆ ಒಂದು ಉಂಗುರ ಸಹ ಹಾಕಿದವರಲ್ಲ, ಗಡಿಯಾರ ಯಾಕೆ, ಒಂದು ಕಂಬಳಿ ಕೊಡು ಎಂದಳು. ಉಂಗುರಕ್ಕೆ ದುಡ್ಡೆಲ್ಲಿತ್ತು ಆಯಿ ನಿಮ್ಮ ಹತ್ತಿರ ಎಂದು ನಾನು ಆಕೆಯ ಬಾಯಿ ಮುಚ್ಚಿಸಿದೆ.

ಅಂಗಡಿಯವರ ಕಾಟ ಬೇರೆ. ಗೋಳಗುಮ್ಮಟದ ಕಡೆಯ ಸಣ್ಣ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಮಾರುವ ನಕಲಿ ಮಾಲು. ಊರ ನಡುವಿನ ದೊಡ್ಡ ಅಂಗಡಿಗೆ ಹೋದರೆ, ಟೈ ಕಟ್ಟಿಕೊಂಡ ಹುಡುಗ ಮೊದಲು ನನ್ನ ಚಪ್ಪಲಿ ನೋಡಿ ಆಮೇಲೆ ಮುಖ ನೋಡಿದ. ಒಂದು ಗಡಿಯಾರಕ್ಕೆ ಬ್ಯಾಟರಿಯೇ ಬೇಡ, ಕೈ ಆಡುತ್ತಿದ್ದರೆ ಸಾಕು ಎಂದ. ಇನ್ನೊಂದನ್ನು ಕಟ್ಟಿಕೊಂಡು ನೂರು ಮೀಟರು ನೀರಿನಾಳಕ್ಕೆ ಇಳಿಯಬಹುದಂತೆ. ಬಬಲೇಶ್ವರದಲ್ಲಿ ಅಷ್ಟು ಆಳದ ನೀರು ಕೊಳವೆಬಾವಿಯಲ್ಲಿ ಮಾತ್ರ ಇದೆಯಪ್ಪಾ, ನಮ್ಮ ಮುತ್ಯಾ ಅದರೊಳಗೆ ಹಿಡಿಸುವುದಿಲ್ಲ ಎಂದೆ. ಅವನಿಗೆ ನಗು ಬರಲಿಲ್ಲ. ಒಂದರ ಅಂಕಿ ಸಣ್ಣವು, ಒಂದಕ್ಕೆ ಅಂಕಿಯೇ ಇಲ್ಲ, ಬರೀ ಗೆರೆ. ಒಂದು ಇಷ್ಟಗಲ, ಮುತ್ಯಾನ ಒಣಕಲು ಕೈಗೆ ತಟ್ಟೆ ಕಟ್ಟಿದಂತೆ. ಮೂರನೆಯ ಸಲ ಹೋದಾಗ ನನ್ನ ತಾಳ್ಮೆ ಕೆಟ್ಟಿತು. ನಮ್ಮ ಕಡೆ ದೊಡ್ಡ ಮಂದಿ ಯಾವುದನ್ನು ಕಟ್ಟುತ್ತಾರೋ ಅದನ್ನೇ ತೆಗೆಯಿರಿ, ಮುಗಿಸೋಣ ಎಂದೆ. ಒಳಗಿದ್ದ ಮಾಲೀಕರೇ ಎದ್ದು ಬಂದು ಉಕ್ಕಿನ ಪಟ್ಟಿಯ, ಅಂಚಿಗೆ ಬಂಗಾರದ ಹೊಳಪಿನ ಒಂದನ್ನು ಮಖಮಲ್ಲಿನ ಮೇಲಿಟ್ಟರು. ತಿಕೋಟಾ ಕಡೆಯ ದ್ರಾಕ್ಷಿ ತೋಟದ ಸಾಹುಕಾರರು ಇದನ್ನೇ ಒಯ್ಯುತ್ತಾರೆ ಎಂದರು. ಸಾಹುಕಾರರು ಎಂಬ ಮಾತು ಕಿವಿಗೆ ಬಿದ್ದಿದ್ದೇ ತಡ, ನಾನು ಒಪ್ಪಿಬಿಟ್ಟೆ. ಎರಡು ಎಮ್ಮೆ ಬರುವಷ್ಟು ದುಡ್ಡು ಎಣಿಸಿಕೊಟ್ಟೆ.

ಪಟ್ಟಿಯ ಕೊಂಡಿ ಕಡಿಮೆ ಮಾಡಿಸಲು ಕೈಯ ಅಳತೆ ಬೇಕಿತ್ತು. ಬಬಲೇಶ್ವರಕ್ಕೆ ಹೋಗಿ ಸತ್ಕಾರಕ್ಕೆ ಅಂಗಿ ಹೊಲಿಯುತ್ತೇನೆಂದು ಸುಳ್ಳು ಹೇಳಿ ಟೇಪು ಸುತ್ತಿದೆ. ತುಂಬು ತೋಳು ಬೇಡ, ಟವೆಲ್ಲಿನೊಳಗೆ ಸಿಕ್ಕಿಕೊಳ್ಳುತ್ತದೆ ಎಂದು ಮುತ್ಯಾ ಹೇಳಿದ. ನಾನು ಹೂಂ ಅಂದೆ, ತಲೆಗೆ ಹಾಕಿಕೊಳ್ಳಲಿಲ್ಲ.

ಸತ್ಕಾರದ ದಿನ ಬೀಗರನ್ನೆಲ್ಲ ಮುಂದಿನ ಸಾಲಿನ ಕುರ್ಚಿಗಳಲ್ಲಿ ನಾನೇ ಕೂರಿಸಿದೆ. ಸುತ್ತ ಎತ್ತು, ಹೋರಿ, ಹಗ್ಗ ಹಿಡಿದ ರೈತರು. ಹಿರಿಯರು ಮುತ್ಯಾನಿಗೆ ಶಾಲು ಹೊದಿಸಿ, ಹಳದಿ ರುಮಾಲು ಸುತ್ತಿದರು. ಮೈಕಿನಲ್ಲಿ ನನ್ನ ಹೆಸರು ಕೂಗಿದ ಕೂಡಲೇ ಡಬ್ಬಿ ಹಿಡಿದು ಮೇಲೆ ಹೋದೆ. ಮುಚ್ಚಳ ತೆಗೆದೆ. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಮುತ್ಯಾ ಗಡಿಯಾರ ನೋಡಿದ, ನನ್ನನ್ನು ನೋಡಿದ, ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ.

"ಸಂತಿ ಮುಗೀಲಿ ಯವ್ವಾ. ಮನ್ಯಾಗ ಕಟ್ಟಿಕೊಂತೀನಿ" ಎಂದ, ನನಗಷ್ಟೇ ಕೇಳುವಂತೆ.

ಮನೆಯಲ್ಲಿ ಕಟ್ಟಿಕೊಂಡರೆ ನೋಡುವವರು ಯಾರು? ಇಷ್ಟೆಲ್ಲ ಒದ್ದಾಡಿದ್ದು ಮನೆಯ ಗೋಡೆಗೆ ತೋರಿಸಲಿಕ್ಕೇ? ಈಗಲೇ ಕಟ್ಟಿಕೋ, ಬೀಗರ ಎದುರಿಗೆ ನನ್ನ ಮರ್ಯಾದೆ ತೆಗೆಯಬೇಡ ಎಂದು ಹಲ್ಲು ಕಚ್ಚಿ ಹೇಳಿದೆ. ಗಡಿಯಾರವನ್ನು ಎಡಗೈಗೆ ಕಟ್ಟುತ್ತಾರೆ ಎಂಬುದೂ ನನಗೆ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಶುಭಕಾರ್ಯ, ಬಲಗೈ ಎಂದು ಹಿಡಿದೆಳೆದು ಕೊಂಡಿ ಹಾಕಿಯೇಬಿಟ್ಟೆ. ಚಪ್ಪಾಳೆ ಬಿತ್ತು. ಕಾಕಾ ಫೋಟೊ ಹೊಡೆದ.

ಆಮೇಲೆ ಕೊನೆಯ ವ್ಯಾಪಾರ. ಎತ್ತಿನ ಜೋಡಿ ಶಿವಾಜಿಯದು. ಶಿವಾಜಿ ಎಂದರೆ ಮುತ್ಯಾನ ವಯಸ್ಸಿನವನು, ಹಳೆಯ ಗೆಳೆಯ, ತನ್ನ ಎತ್ತನ್ನು ಮುತ್ಯಾನ ಕೈಯಲ್ಲಲ್ಲದೆ ಬೇರೆಯವರ ಕೈಯಲ್ಲಿ ಎಂದೂ ಮಾರಿದವನಲ್ಲ. ಕೊಳ್ಳಲು ಬಂದವನು ತಿಕೋಟಾದ ಅಜಿತ, ದೊಡ್ಡ ದ್ರಾಕ್ಷಿ ತೋಟದವನು. ಮುತ್ಯಾ ಟವೆಲ್ಲು ಹೊದ್ದಿಸಿದ. ಶಿವಾಜಿ ನಗುತ್ತಲೇ ಕೆಳಗೆ ಕೈ ಹಾಕಿದ. ಹಾಕಿದವನು ತಟ್ಟನೆ ಹೊರಗೆ ತೆಗೆದ. ಟವೆಲ್ಲಿನ ಅಂಚು ಎತ್ತಿ ನೋಡಿದ. ಅಷ್ಟರಲ್ಲಿ ತನ್ನ ಸರದಿ ಬಂತೆಂದು ಅಜಿತ ಅಂಗಿಯ ತೋಳು ಮಡಚುತ್ತ ಮುಂದೆ ಬಂದ. ಅವನ ಕೈಯಲ್ಲೂ ಅದೇ ಗಡಿಯಾರ. ಅದೇ ಉಕ್ಕು, ಅದೇ ಬಂಗಾರದ ಅಂಚು.

ಶಿವಾಜಿ ಒಮ್ಮೆ ಆ ಕೈ ನೋಡಿದ, ಒಮ್ಮೆ ಈ ಕೈ ನೋಡಿದ. ಸಂತೆಯಲ್ಲಿ ದಲ್ಲಾಳಿಯ ಕೈಯಲ್ಲಿ ಹೊಸ ಉಂಗುರ ಕಂಡರೂ ಯಾರು ತೊಡಿಸಿದರು ಎಂಬ ಪ್ರಶ್ನೆ ಏಳುತ್ತದಂತೆ. ಅದಕ್ಕೇ ಮುತ್ಯಾ ಜೀವಮಾನವಿಡೀ ಬರಿಗೈಯಲ್ಲಿದ್ದದ್ದು. ನನಗೆ ಇದು ತಿಳಿದದ್ದು ಆಗ, ಆ ಪೆಂಡಾಲಿನಲ್ಲಿ, ಪಕ್ಕದಲ್ಲಿ ನಿಂತ ರೈತನೊಬ್ಬ ಇನ್ನೊಬ್ಬನಿಗೆ ಪಿಸುಗುಟ್ಟಿದಾಗ.

ನಾನು ಸುಮ್ಮನಿರುವವಳೇ? ಅದು ನಾನು ಕೊಟ್ಟದ್ದು, ನನ್ನ ದುಡ್ಡಿನದು, ಈಗ ಎಲ್ಲರ ಎದುರಿಗೇ ಕಟ್ಟಿದ್ದನ್ನು ನೋಡಲಿಲ್ಲವೇನು ಎಂದು ಗಂಟಲು ಹರಿದುಕೊಂಡೆ. ಹಾಳಾದವರು, ಒಬ್ಬರಾದರೂ ಎದುರು ಮಾತಾಡಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಶಿವಾಜಿ ನನ್ನ ಕಡೆ ತಿರುಗಿ, ಮೆತ್ತಗೆ ಹೇಳಿದ.

"ಇರಬಹುದವ್ವಾ. ಇಲ್ಲ ಅಂತ ನಾ ಎಲ್ಲಿ ಅಂದೀನಿ?"

ದುಡ್ಡು ನೀನೇ ಕೊಟ್ಟೆಯೋ, ನಿನ್ನ ಕೈಗೆ ಬೇರೆ ಯಾರಾದರೂ ಕೊಟ್ಟರೋ ಎಂಬ ಪ್ರಶ್ನೆ ಆ 'ಇರಬಹುದು' ಎಂಬ ಮಾತಿನೊಳಗಿತ್ತು, ಅವನು ಅದನ್ನು ಕೇಳಲೇ ಇಲ್ಲ. ಅಜಿತನಂತೂ ಏನೂ ತಿಳಿಯದೆ ಮಿಕಿಮಿಕಿ ನೋಡುತ್ತಿದ್ದ. ಮುತ್ಯಾ ಗಡಿಯಾರ ಬಿಚ್ಚಲು ಹೋದ. ಜೋಮು ಹಿಡಿದ ಬೆರಳಿಗೆ ಆ ಕೊಂಡಿ ಸಿಗಲೊಲ್ಲದು. ಅವನು ತಡವರಿಸುವುದನ್ನು ಇಡೀ ಸಂತೆ ನಿಂತು ನೋಡಿತು. ಕೊನೆಗೆ ನಾನೇ ಹೋಗಿ ಬಿಚ್ಚಿದೆ.

ಮುತ್ಯಾ ಶಿವಾಜಿಯ ಎದುರಿಗೆ ನಿಂತು, "ಇದು ನನ್ನ ಮೊಮ್ಮಗಳು ಕೊಟ್ಟದ್ದಪಾ" ಎಂದ. ಶಿವಾಜಿ ತಲೆಯಾಡಿಸಿದ. ಆದರೆ ಮತ್ತೆ ಟವೆಲ್ಲಿನ ಕೆಳಗೆ ಕೈ ಹಾಕಲಿಲ್ಲ. ಈಗ ಎಲ್ಲ ಕಡೆ ಬಾಯಿಯಲ್ಲೇ ವ್ಯಾಪಾರ ನಡೆಯುತ್ತದೆ, ನಾವೂ ಬಾಯಿಯಲ್ಲೇ ಮಾತಾಡಿಕೊಳ್ಳೋಣ ಎಂದು ಅಜಿತನಿಗೆ ಹೇಳಿದ. ಇಬ್ಬರೂ ಎಲ್ಲರಿಗೂ ಕೇಳುವಂತೆ ಬೆಲೆ ಕೂಗಿಕೊಂಡರು, ಮುತ್ಯಾನ ತಲೆಯ ಮೇಲಿಂದ. ಎತ್ತು ಮಾರಾಟವಾದವು. ಮುತ್ಯಾ ಟವೆಲ್ಲು ಹಿಡಿದುಕೊಂಡು ಇಬ್ಬರ ನಡುವೆ ಸುಮ್ಮನೆ ನಿಂತಿದ್ದ.

ಬೀಗರಿಗೆ ಇದೊಂದೂ ತಿಳಿಯಲಿಲ್ಲ. ಹೊರಡುವಾಗ ಅದೇ ಹೆಂಗಸು, ಅಂದು ನಕ್ಕಿದ್ದಾಕೆ, ಗಡಿಯಾರ ಭಾರಿ ಇದೆ, ನಿಮ್ಮ ಮುತ್ಯಾ ದೊಡ್ಡ ಮನುಷ್ಯ ಬಿಡು ಎಂದಳು. ಬೇಕಾದದ್ದು ಅದೇ ಮಾತು, ಸಿಕ್ಕಿತು. ಸಿಕ್ಕಿ ಏನು ಮಾಡಲಿ? ಆಕೆಯ ಕಪಾಳಕ್ಕೆ ಹೊಡೆಯುವಷ್ಟು ಸಿಟ್ಟು ಬಂದಿತ್ತು.

ಸಂಜೆ ಮನೆಯಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ಶಿವಾಜಿಯನ್ನು ಬೈದೆ, ಅಜಿತನನ್ನು ಬೈದೆ, ಬಂಗಾರದ ಬಣ್ಣ ಬೇಕೆಂದ ಕಾಕಾನನ್ನು ಬೈದೆ. ಮೊದಲೇ ಒಂದು ಮಾತು ಬಿಡಿಸಿ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಮುತ್ಯಾನ ಮೇಲೂ ಹರಿಹಾಯ್ದೆ. ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೂತಿದ್ದಳು. ಮೊಮ್ಮಗಳು ಕೊಟ್ಟಿದ್ದು ಸುಳ್ಳಾ, ನೀನು ಹೇಳಿದ್ದು ಸುಳ್ಳಾ, ಹಾಗಿದ್ದ ಮೇಲೆ ನಾವ್ಯಾಕೆ ತಲೆ ತಗ್ಗಿಸಬೇಕು ಎಂದು ಕೇಳಿದೆ.

ಮುತ್ಯಾ ತಲೆಯ ಮೇಲಿದ್ದ ಹಳದಿ ರುಮಾಲು ತೆಗೆದು ಪಕ್ಕಕ್ಕಿಟ್ಟ.

"ನೀ ಕೊಟ್ಟಿದ್ದು ಖರೇ ಐತಿ ಯವ್ವಾ, ನನಗ ಸಂತೋಷನೂ ಆಗೈತಿ. ಆದ್ರ ಅದನ್ನ ನಾ ಇವತ್ತ ಬಾಯಿ ಬಿಟ್ಟು ಹೇಳಬೇಕಾತು. ಇಷ್ಟು ವರ್ಷದಾಗ ಆ ಸಂತ್ಯಾಗ ನಾ ಯಾರಿಗೂ ಏನೂ ಹೇಳಬೇಕಾಗಿದ್ದಿಲ್ಲ."