ಸ್ವಿಚ್ಚಕ್ಕ 'ಗೊತ್ತಿಲ್ಲ' ಅಂದ ದಿನ

ಆ ಲಾಂಡ್ರಿಯಲ್ಲಿ ಕೊನೆಗೆ ಹೊರಡುವವರು ಮೇನ್ ಸ್ವಿಚ್ ಇಳಿಸಿಯೇ ಹೋಗಬೇಕು. ಹಿಂದೊಮ್ಮೆ ಯಾರೋ ಪುಣ್ಯಾತ್ಗಿತ್ತಿ ಇಸ್ತ್ರಿಪೆಟ್ಟಿಗೆ ಆರಿಸದೆ ಮನೆಗೆ ಹೋಗಿ, ಒಂದಿಡೀ ಆಸ್ಪತ್ರೆಯ ಹಾಸುಗಳು ಸುಟ್ಟು ಬೂದಿಯಾಗಿದ್ದವು. ಅಂದಿನಿಂದ ಬಂದ ಪದ್ಧತಿ ಇದು. ಮಡಿಸುವ ವಿಭಾಗದ ಮೇಲ್ವಿಚಾರಕಿ ಆ ಕೆಲಸವನ್ನು ಬೇರೆಯವರ ಕೈಗೆ ಕೊಟ್ಟವಳೇ ಅಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ಒಂದು ಸುತ್ತು ಹಾಕಿ, ಟಪ್ ಅಂತ ಸ್ವಿಚ್ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಹೊರಡುತ್ತಿದ್ದಳು. ಎದುರಿಗೆ ಎಲ್ಲರೂ ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಸ್ವಿಚ್ಚಕ್ಕ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಹದಿಹರೆಯದಲ್ಲಿ ಹಾಸು ಮಡಿಸುವವಳಾಗಿ ಸೇರಿದವಳು ಅವಳು. ಒಣಗಿಸುವ ಯಂತ್ರದಿಂದ ಬಿಸಿಬಿಸಿಯಾಗಿ ಬೀಳುವ ಹಾಸನ್ನು ಗಾಳಿಯಲ್ಲಿ ಒಮ್ಮೆ ಜಾಡಿಸಿದರೆ ನಾಲ್ಕು ಮೂಲೆಯೂ ಹೇಳಿದ ಮಾತು ಕೇಳುತ್ತಿದ್ದವು. ಮೆಲ್ಲಗೆ ಮೇಲೆ ಬಂದು, ಮೂಲೆಯಲ್ಲಿದ್ದ ಮೇಲ್ವಿಚಾರಕಿಯ ಕಬ್ಬಿಣದ ಕುರ್ಚಿಗೆ ಏರಿದಳು. ಹಳೇ ಟವೆಲ್ಲುಗಳನ್ನು ಹೊಲಿದು ಮಾಡಿದ ದಿಂಬಿನ ಕುರ್ಚಿ. ಅಲ್ಲಿ ಕೂತರೆ ಇಡೀ ವಿಭಾಗ ಕಾಣುತ್ತಿತ್ತು. ಆ ಕುರ್ಚಿ ಅಂದರೆ ಅವಳಿಗೆ ಪ್ರಾಣ.

ಅವಳಿಗೊಂದು ಕೆಟ್ಟ ಚಾಳಿ ಇತ್ತು. 'ಗೊತ್ತಿಲ್ಲ' ಅನ್ನುವ ಮಾತು ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಒಮ್ಮೆ ಹಾಗಂದದ್ದಕ್ಕೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದರಂತೆ, ಕ್ಲಾಸಿನವರೆಲ್ಲ ನಕ್ಕಿದ್ದರಂತೆ. ಅದಾದ ಮೇಲೆ ತಿಳಿಯದ ಮಾತು ಬಂದಾಗಲೆಲ್ಲ ಕೋಲೆ ಬಸವನ ಹಾಗೆ ತಲೆ ಆಡಿಸುವುದನ್ನು ಕಲಿತುಬಿಟ್ಟಳು. ಹಾಸಿನ ಕೆಲಸದಲ್ಲಿ ಅವಳಿಗೆ ತಿಳಿಯದ್ದು ಇರಲೇ ಇಲ್ಲವಾದ್ದರಿಂದ ಅದು ಹೇಗೋ ನಡೆದುಕೊಂಡು ಬಂತು.

ಆಮೇಲೆ ಕಂಪ್ಯೂಟರ್ ಬಂತು.

ಯಾವ ಹಾಸು ಯಾವ ಆಸ್ಪತ್ರೆಯದು, ಯಾವ ಟವೆಲ್ಲು ಯಾವ ಹೋಟೆಲಿನದು ಅನ್ನುವುದೆಲ್ಲ ಇನ್ನು ಪರದೆಯ ಮೇಲೇ ಇರುತ್ತದೆ ಅಂದರು. ಸಾಫ್ಟ್‌ವೇರ್ ಕಂಪನಿಯ ಒಬ್ಬ ಮನುಷ್ಯ ಬಂದು ಒಂದೇ ಉಸಿರಿನಲ್ಲಿ ಲಾಗಿನ್, ಇನ್ವೆಂಟರಿ, ಬ್ಯಾಕಪ್, ಕ್ಲೌಡ್ ಅಂತ ಹೇಳಿ ಮುಗಿಸಿದ. ಅವೆಲ್ಲ ಅವಳಿಗೆ ಕಬ್ಬಿಣದ ಕಡಲೆ. "ಸರ್ವರ್ ಮಾತ್ರ ಯಾವತ್ತೂ ಆಫ್ ಆಗ್ಬಾರ್ದು. ಅರ್ಥ ಆಯ್ತಲ್ಲಾ ಅಕ್ಕ?" ಅಂತ ಕೇಳಿದ.

"ಓಹೋ, ಆಯ್ತಲ್ಲ," ಅಂದಳು ಮಹಾತಾಯಿ.

ಸರ್ವರ್ ಅಂದರೆ ಎಲ್ಲೋ ಹೆಡ್ಡಾಫೀಸಿನಲ್ಲಿರುವ ದೊಡ್ಡ ಯಂತ್ರ ಅಂತ ಅವಳ ಲೆಕ್ಕ. ಮೆಟ್ಟಿಲ ಕೆಳಗೆ ಹೊಸದಾಗಿ ಬಂದು ಕೂತಿದ್ದ ಕಪ್ಪು ಪೆಟ್ಟಿಗೆಯೇ ಅದು ಅಂತ ಕನಸಿನಲ್ಲೂ ಹೊಳೆಯಲಿಲ್ಲ. ಸಂಜೆ ಎಂದಿನಂತೆ ಸುತ್ತು ಹಾಕಿ ಟಪ್ ಅಂತ ಮೇನ್ ಇಳಿಸಿದಳು. ಮೆಟ್ಟಿಲ ಕೆಳಗೆ ಏನೋ ಕುಂಯ್ ಕುಂಯ್ ಅಂತು. ಕಾವಲುಗಾರನ ಫೋನಿರಬೇಕು ಅಂದುಕೊಂಡು ಮನೆಗೆ ಹೋದಳು.

ಮರುದಿನದ ಗೋಳು ಕೇಳಬೇಡಿ. ಮೇನ್ ಮತ್ತೆ ಹಾಕಿದರೂ ಪೆಟ್ಟಿಗೆ ಏಳದೆ ಸತ್ತು ಬಿದ್ದಿತ್ತು, ಅದರೊಂದಿಗೆ ಅದನ್ನೇ ನಂಬಿದ್ದ ಲಾಂಡ್ರಿಯ ಉಳಿದ ಬ್ರಾಂಚುಗಳ ಪರದೆಗಳೂ ಕುರುಡಾಗಿದ್ದವು. ಯಾರ ಗಂಟು ಯಾರಿಗೆ ಅಂತ ತಿಳಿಯದೆ ಅಂದಾಜಿನ ಮೇಲೆ ಕಳಿಸಿದರು. ಸ್ನಾನ ಮಾಡಿ ಬಂದ ಹೋಟೆಲಿನ ಅತಿಥಿಯೊಬ್ಬರಿಗೆ ಟವೆಲ್ಲಿನ ಬದಲು ಬೆನ್ನ ಹಿಂದೆ ದಾರ ಕಟ್ಟುವ ರೋಗಿಯ ಅಂಗಿ ಸಿಕ್ಕಿತು. ಅವರು ಫೋನಿನಲ್ಲಿ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮ್ಯಾನೇಜರ್ ಕೆಟ್ಟವನಲ್ಲ. ಅವಳನ್ನು ಕರೆದು ಕೂರಿಸಿ ಮೆತ್ತಗೆ ಕೇಳಿದ. "ಅರ್ಥ ಆಗ್ಲಿಲ್ಲ ಅಂದಿದ್ರೆ ಪೆಟ್ಟಿಗೆನೇ ತೋರಿಸ್ತಿದ್ವಲ್ಲಮ್ಮ. ನೀವು ತಲೆ ಆಡಿಸಿದ್ರಿ."

ಅವಳು ಈಗಲೂ ತಲೆ ಆಡಿಸಿದಳು.

"ತಿಂಗಳ ಕೊನೇಲಿ ಹೆಡ್ಡಾಫೀಸಿಂದ ಮೇಡಂ ಬರ್ತಾರೆ. ಪ್ರತಿ ವಿಭಾಗದ ಮುಖ್ಯಸ್ಥರೂ ಈ ಪದಗಳನ್ನ ತಮ್ಮ ಜನಕ್ಕೆ ತಾವೇ ಬಿಡಿಸಿ ಹೇಳ್ಬೇಕು. ಆಗ್ಲಿಲ್ಲ ಅಂದ್ರೆ ಆ ಕುರ್ಚೀಲಿ ಬೇರೆಯವ್ರನ್ನ ಕೂರಿಸ್ತಾರೆ. ಅದು ನನ್ನ ಕೈಲಿಲ್ಲ."

ಮತ್ತೆ ಮಡಿಸುವ ಮೇಜಿಗೆ ಹೋಗಿ ನಿಲ್ಲುವುದೇನೂ ಕಷ್ಟವಲ್ಲ, ಆ ಕೆಲಸ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ತಾನು ಕೆಲಸ ಕಲಿಸಿದ ಹೆಂಗಸರ ಮುಂದೆ ಕುರ್ಚಿಯಿಂದ ಇಳಿಯುವುದು ಅಂದರೆ ಮತ್ತೆ ಆ ಬೆಂಚಿನ ಮೇಲೆ ನಿಂತ ಹಾಗೆಯೇ.

ಕಲಿಸುವವರು ಮನೆಯಲ್ಲೇ ಇದ್ದರು. ಕಷ್ಟ ಇದ್ದದ್ದೇ ಅಲ್ಲಿ, ಯಾಕೆಂದರೆ ಆ ಗುರು ಅವಳ ಸೊಸೆ. ಸೊಸೆ ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಂಪ್ಯೂಟರ್ ಕೆಟ್ಟವರ ಗೋಳು ಕೇಳಿ ದಾರಿ ಹೇಳುವ ಕೆಲಸದವಳು. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಹಾಗಂತ ಮಾತೂ ಇರಲಿಲ್ಲ. ಸೊಸೆ ಬಟ್ಟೆ ಮಡಿಸಿಟ್ಟರೆ ಅತ್ತೆ ಬಾಯಿ ಬಿಡದೆ ಎಲ್ಲವನ್ನೂ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಬೈದಿದ್ದರೂ ಸೊಸೆಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ಊಟದ ಹೊತ್ತಿಗೆ ಅತ್ತೆ ಗಂಟಲು ಸರಿಮಾಡಿಕೊಂಡಳು. "ಈ ಸರ್ವರ್ ಅಂತ ಏನೋ ಇರತ್ತಲ್ಲ. ಹಾಗಂದ್ರೆ ಏನು?"

ಸೊಸೆ ತಲೆ ಎತ್ತಿದಳು. "ಗೊತ್ತಿಲ್ವಾ ಅತ್ತೆ?"

"ಗೊತ್ತು. ನೀನು ಹೇಗೆ ಹೇಳ್ತೀಯ ನೋಡೋಣ ಅಂತ ಕೇಳ್ದೆ."

ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಂಡಸರನ್ನು ನಾವು ನೋಡಿದ್ದೇವೆ. ಮೀಸೆ ಇಲ್ಲದವರೂ ಅವರಿಗಿಂತ ಕಮ್ಮಿಯೇನಿಲ್ಲ. ಸೊಸೆ ಸೂಕ್ಷ್ಮದವಳು, ನಗಲಿಲ್ಲ. "ಸರಿ, ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ," ಅಂದಳು.

ಹೀಗೆ ಪಾಠ ಶುರುವಾಯಿತು. ಊಟದ ತಟ್ಟೆಯ ಮುಂದೆ ಸೊಸೆ ಪಾಠ ಒಪ್ಪಿಸುವವಳಂತೆ ಹೇಳುತ್ತಿದ್ದಳು, ಅತ್ತೆ ಪರೀಕ್ಷೆ ಮಾಡುವವಳಂತೆ "ಹೂಂ, ಮುಂದೆ?" ಅನ್ನುತ್ತಿದ್ದಳು. ಸೊಸೆಯ ಮಾತು ಪುಸ್ತಕದ ಮಾತು. ಅತ್ತೆಯ ತಲೆಗೆ ಅದು ಹೋಗುತ್ತಿದ್ದದ್ದು ಮರುದಿನ, ಹಾಸಿನ ರಾಶಿಯ ಮುಂದೆ ನಿಂತಾಗ. ಆಸ್ಪತ್ರೆಗೆ ಒಂದೊಂದು ಹಾಸಿಗೆಗೂ ಮೂರು ಹಾಸು ಬೇಕು. ಒಂದು ಹಾಸಿಗೆಯ ಮೇಲೆ, ಒಂದು ಒಗೆಯುವಲ್ಲಿ, ಒಂದು ಕಪಾಟಿನಲ್ಲಿ. ಮೇಲಿನದಕ್ಕೆ ಏನಾದರೂ ಆದರೆ ಕಪಾಟಿನದು ಕೈಗೆ ಬರುತ್ತದೆ. "ಅಯ್ಯೋ ನಿನ್ನ, ಬ್ಯಾಕಪ್ ಅಂದ್ರೆ ಇದೇ ಅಲ್ವೇನೇ," ಅಂತ ಅವಳು ಕೈಯಲ್ಲಿದ್ದ ಹಾಸನ್ನೇ ಮಾತಾಡಿಸಿದಳು. ಪಕ್ಕದಲ್ಲಿದ್ದವಳು ಅಕ್ಕನಿಗೆ ಜ್ವರ ಬಂದಿದೆ ಅಂದುಕೊಂಡಳು.

ಲಾಗಿನ್ ಹೀಗೇ ಬಂತು, ಇನ್ವೆಂಟರಿ ಹೀಗೇ ಬಂತು. ಔಟ್‌ಸೋರ್ಸ್ ಅನ್ನುವುದೂ ಬಂತು, ಕೆಲಸವನ್ನು ಹೊರಗಿನವರಿಗೆ ವಹಿಸುವುದು ಅಂತ. ಕ್ಲೌಡ್ ಮಾತ್ರ ಬರಲಿಲ್ಲ. ಸೊಸೆ ಎರಡು ಸಲ ಬಿಡಿಸಿ ಹೇಳಿದಳು. ಎರಡು ಸಲವೂ ಅತ್ತೆ ತಲೆ ಆಡಿಸಿದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ.

ಮೇಡಂ ಬಂದರು. ಕಡಿಮೆ ಮಾತಿನ, ಬಿಳಿಗೂದಲಿನ ಹೆಂಗಸು. ಯಂತ್ರಗಳನ್ನು ನಿಲ್ಲಿಸಿದರು. ಹೆಂಗಸರು ಬಟ್ಟೆಯ ಗಂಟುಗಳ ಮೇಲೆ ಕೂತರು. ಮ್ಯಾನೇಜರ್ ಗೋಡೆಗೆ ಒರಗಿ ನಿಂತ, ಅವನ ಮುಖದಲ್ಲಿ ಅವಳಿಗಿಂತ ಹೆಚ್ಚು ಬೆವರಿತ್ತು.

ಸ್ವಿಚ್ಚಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಶುರು ಮಾಡಿದಳು. "ಪಾಸ್‌ವರ್ಡ್ ಅಂದ್ರೆ ನಿಮ್ಮ ನಿಮ್ಮ ಲಾಕರಿನ ಬೀಗದ ಕೈ. ಒಡಹುಟ್ಟಿದ ಅಕ್ಕ ಕೇಳಿದ್ರೂ ಕೊಡ್ಬಾರ್ದು. ನಾನು ಕೇಳಿದ್ರೂ ಕೊಡ್ಬಾರ್ದು." ಮೂರು ಹಾಸು ಎತ್ತಿ ತೋರಿಸಿ ಬ್ಯಾಕಪ್ ಹೇಳಿದಳು. ಒಳಗೆಷ್ಟು, ಹೊರಗೆಷ್ಟು, ಹರಿದದ್ದೆಷ್ಟು ಅಂತ ಯಾವ ಗಳಿಗೆಯಲ್ಲಿ ಕೇಳಿದರೂ ಹೇಳಲು ಬರಬೇಕು, ಅದೇ ಇನ್ವೆಂಟರಿ ಅಂದಳು. ಆಮೇಲೆ ಎಲ್ಲರನ್ನೂ ಎಬ್ಬಿಸಿ ಮೆಟ್ಟಿಲ ಕೆಳಗೆ ಕರೆದೊಯ್ದಳು.

"ಸರ್ವರ್ ಅಂದ್ರೆ ಇದೇ. ನಮ್ಮ ಸ್ಟೋರಿನ ಕಿಟಕಿ ಇದ್ದ ಹಾಗೆ. ಎಲ್ಲಾ ಬ್ರಾಂಚಿನವ್ರೂ ಇದನ್ನ ಕೇಳ್ತಾರೆ, ಇದು ತೆಗೆದು ಕೊಡ್ತಾನೇ ಇರತ್ತೆ. ಅವತ್ತು ನಾನು ಸ್ವಿಚ್ ಇಳಿಸಿ ಕೊಂದಿದ್ದು ಇದನ್ನೇ."

ಎಲ್ಲರೂ ಗೊಳ್ಳೆಂದು ನಕ್ಕರು, ಅವಳೂ ನಕ್ಕಳು. ಪೆಟ್ಟಿಗೆಗೆ ಈಗ ಬೇರೆ ಲೈನ್ ಎಳೆದಿದ್ದರು. ಅದರ ಸ್ವಿಚ್ಚಿಗೆ ಅವಳೇ ಕೆಂಪು ಬಟ್ಟೆಯ ಟೋಪಿ ಹೊಲಿದು ಹಾಕಿದ್ದಳು. ಅದನ್ನು ಯಾರೂ ಮುಟ್ಟಬಾರದು ಅಂತ ತೋರಿಸಿದಳು. ಮೇಡಂ ಒಮ್ಮೆ ಟೋಪಿಯನ್ನೂ ಒಮ್ಮೆ ಅವಳನ್ನೂ ನೋಡಿದರು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಇಸ್ತ್ರಿ ಮಾಡುವವಳು ಸುಮ್ಮನಿರಬೇಕಲ್ಲ. ಅವಳ ನಾಲಿಗೆ ಇಸ್ತ್ರಿಪೆಟ್ಟಿಗೆಗಿಂತ ಬಿಸಿ. "ಅಕ್ಕ, ಬ್ಯಾಕಪ್ ಎಲ್ಲಾ ಕ್ಲೌಡಲ್ಲಿದೆ ಅಂತಾರೆ. ಆ ಕ್ಲೌಡ್ ಎಲ್ಲಿದೆ? ಅದಕ್ಕೂ ಒಂದು ಮೇನ್ ಸ್ವಿಚ್ ಇರತ್ತೆ ತಾನೆ? ಅಲ್ಲೂ ನಿಮ್ಮಂಥ ಅಕ್ಕ ಒಬ್ರು ಇದ್ರೆ?"

ನಗು ಎದ್ದು ಅಡಗಿತು. ಎಲ್ಲರೂ ಅವಳ ಮುಖ ನೋಡಿದರು. ಸ್ವಿಚ್ಚಕ್ಕನ ಕತ್ತು ತನ್ನಷ್ಟಕ್ಕೆ ತಾನೇ ಆಡಲು ಶುರುವಾಗಿತ್ತು. ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಮೇಡಂ ಹಿಂದೆ, ದೂರದಲ್ಲಿ, ಟವೆಲ್ಲಿನ ದಿಂಬಿನ ಕುರ್ಚಿ ಖಾಲಿಯಾಗಿ ಕಾಣುತ್ತಿತ್ತು. ಪಕ್ಕದಲ್ಲೇ ಕಪ್ಪು ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಅವತ್ತು ತಲೆ ಆಡಿಸಿದ್ದಕ್ಕೇ ಅಲ್ಲವೇ ಇದು ಸತ್ತದ್ದು ಅನ್ನಿಸಿತು. ಅವಳು ಗೋಡೆಗೆ ಕೈ ಕೊಟ್ಟು ಕತ್ತು ನಿಲ್ಲಿಸಿದಳು.

"ಗೊತ್ತಿಲ್ಲ," ಅಂದಳು.

ಯಾರೂ ನಗಲಿಲ್ಲ. ಅವಳು ಕಾದಳು, ಆದರೂ ಯಾರೂ ನಗಲಿಲ್ಲ. ಅಷ್ಟು ವರ್ಷ ಹೆದರಿಕೊಂಡು ಬಂದದ್ದು ಇಷ್ಟಕ್ಕೇನಾ ಅಂತ ಅವಳಿಗೇ ಆಶ್ಚರ್ಯವಾಯಿತು.

"ನನಗೆ ಗೊತ್ತಿಲ್ಲ. ಆದ್ರೆ ಗೊತ್ತಿರೋರು ಗೊತ್ತು. ಒಂದು ನಿಮಿಷ ಇರಿ," ಅಂದು ಫೋನ್ ತೆಗೆದು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು.

"ಅತ್ತೆ? ಏನಾಯ್ತು?" ಸೊಸೆಯ ದನಿಯಲ್ಲಿ ಗಾಬರಿ. ಅತ್ತೆ ಎಂದೂ ಅವಳಿಗೆ ಫೋನ್ ಮಾಡಿದವಳಲ್ಲ.

"ಏನೂ ಆಗಿಲ್ಲ ಕಣೇ. ಇಲ್ಲಿ ನಮ್ಮ ಜನ ಎಲ್ಲಾ ಇದಾರೆ, ಮೇಡಮ್ಮೂ ಇದಾರೆ, ಎಲ್ಲರಿಗೂ ಕೇಳಿಸ್ತಿದೆ. ಕ್ಲೌಡ್ ಅಂದ್ರೆ ಏನು ಅಂತ ನನಗೆ ಗೊತ್ತಿಲ್ಲ. ನೀನು ಎರಡು ಸಲ ಹೇಳ್ದೆ, ನಾನು ಸುಮ್ನೆ ತಲೆ ಆಡಿಸ್ದೆ. ಇನ್ನೊಂದು ಸಲ ಹೇಳು ತಾಯಿ."

ಸೊಸೆ ಮೆಲ್ಲಗೆ, "ನೀವು ತಲೆ ಆಡಿಸಿದ್ದು ನಂಗೆ ಗೊತ್ತಾಗಿತ್ತು ಅತ್ತೆ," ಅಂದಳು. "ಸರಿ, ಹೇಳಿ. ಆಸ್ಪತ್ರೆಯವ್ರು ಬಟ್ಟೆ ಒಗೆಯೋ ಮಷಿನ್ ಇಟ್ಕೊಂಡಿದ್ದಾರಾ?"

"ಇಲ್ಲ. ನಮಗೆ ಕಳಿಸ್ತಾರೆ."

"ಯಾವ ಮಷಿನ್ನಲ್ಲಿ ಒಗೀತೀರಿ, ಯಾವ ಮೇಜಿನ ಮೇಲೆ ಮಡಿಸ್ತೀರಿ ಅಂತ ಅವ್ರಿಗೆ ಗೊತ್ತಾ?"

"ಅವರಿಗ್ಯಾಕೆ ಬೇಕು ಅದು? ಕೇಳಿದ ಹೊತ್ತಿಗೆ ಶುಭ್ರವಾಗಿ ಸಿಕ್ಕಿದ್ರೆ ಸಾಕು."

"ಹಾಗೇನೇ. ನಿಮ್ಮ ಮಾಹಿತಿನ ಬೇರೆ ಯಾರದೋ ಯಂತ್ರಗಳಲ್ಲಿ ಇಟ್ಟಿರ್ತಾರೆ. ಕೇಳಿದಾಗ ಇಂಟರ್‌ನೆಟ್ಟಲ್ಲಿ ಕಳಿಸ್ತಾರೆ. ಅವ್ರಿಗೂ ಸ್ವಿಚ್ ಇರತ್ತೆ. ಆದ್ರೆ ಒಂದೇ ಊರಲ್ಲಿ ಇಡಲ್ಲ, ಬೇರೆ ಬೇರೆ ಕಡೆ ಒಂದೊಂದು ಪ್ರತಿ ಇಟ್ಟಿರ್ತಾರೆ. ಒಬ್ರು ಮೇನ್ ಇಳಿಸಿದ್ರೂ ಇನ್ನೊಂದು ಕಡೆಯಿಂದ ಬರತ್ತೆ."

ಸ್ವಿಚ್ಚಕ್ಕನ ಮುಖ ಅರಳಿತು. ಈ ಸಲ ತಲೆ ಆಡಿಸಲಿಲ್ಲ, ಇಸ್ತ್ರಿಯವಳ ಕಡೆ ತಿರುಗಿದಳು. "ಕೇಳಿಸ್ತೇನೇ? ಆಸ್ಪತ್ರೆಯವ್ರ ಪಾಲಿಗೆ ನಾವೇ ಕ್ಲೌಡು. ಇಷ್ಟು ವರ್ಷದಿಂದ ನಾವೇ ಕ್ಲೌಡಾಗಿದ್ವಿ, ಹೇಳೋರು ಇರ್ಲಿಲ್ಲ ಅಷ್ಟೆ."

ಸುತ್ತ ನಿಂತಿದ್ದವರೆಲ್ಲ ಚಪ್ಪಾಳೆ ಹೊಡೆದರು. ಇಸ್ತ್ರಿಯವಳದೇ ಎಲ್ಲಕ್ಕಿಂತ ಜೋರು. ಫೋನಿನ ಆ ಕಡೆಯಿಂದ ಸೊಸೆಯ ನಗು ಕೇಳಿಸಿತು. ಆ ನಗುವನ್ನು ಅತ್ತೆ ಮೊದಲ ಸಲ ಕೇಳಿದ್ದು. "ಇವಳು ನನ್ನ ಸೊಸೆ. ನಾನು ಇವತ್ತು ಹೇಳಿದ್ದೆಲ್ಲ ಇವಳೇ ಕಲಿಸಿದ್ದು," ಅಂತ ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಮೇಡಂ ಕೊನೆಗೆ ಬಾಯಿ ಬಿಟ್ಟರು. "ಬೆಳಿಗ್ಗೆಯಿಂದ ಬೇರೆ ಬ್ರಾಂಚುಗಳಿಗೆ ಹೋಗಿ ಬಂದೆ. ಅಲ್ಲಿ ಎಲ್ಲರೂ ಎಲ್ಲಾ ಗೊತ್ತು ಅಂದ್ರು. ಅದಕ್ಕೇ ಅಲ್ಲಿಗೆ ಇನ್ನೊಂದು ಸಲ ಹೋಗ್ಬೇಕು. ನಿಮ್ಮ ಕುರ್ಚಿ ನಿಮ್ಮದೇ. ನನ್ನ ಜೊತೆ ಬಂದು ಅವರಿಗೂ ಹೀಗೇ ಹೇಳ್ತೀರಾ?"

"ಬರ್ತೀನಿ ಮೇಡಂ. ನನ್ನ ಸೊಸೆನ ಒಂದು ಮಾತು ಕೇಳ್ತೀನಿ, ಅವಳಿಗೂ ಬಿಡುವಿರ್ಬೇಕು," ಅಂದಳು ಸ್ವಿಚ್ಚಕ್ಕ. ಮ್ಯಾನೇಜರ್ ಬೆವರು ಒರೆಸಿಕೊಂಡು ನಕ್ಕ.

ಸಂಜೆ ಸುತ್ತು ಹಾಕಿ, ಕೆಂಪು ಟೋಪಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಟಪ್ ಅಂತ ಇಳಿಸಿ ಮನೆಗೆ ಬಂದಳು. ಸೊಸೆ ಹೆಡ್‌ಫೋನ್ ತೆಗೆದಿಟ್ಟು, ಒಗೆದ ಬಟ್ಟೆಗಳ ಮುಂದೆ ಕೂತಿದ್ದಳು. ಅವಳು ಮಡಿಸಿಟ್ಟಿದ್ದ ಅಂಗಿಗಳ ತೋಳು ಒಂದೊಂದು ಒಂದೊಂದು ಕಡೆ ನೋಡುತ್ತಿದ್ದವು. ಅತ್ತೆಯ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಅಲ್ಲೇ ನಿಂತಿತು. ಆ ಅಂಗಿಗಳನ್ನು ಇದ್ದ ಹಾಗೇ ಎತ್ತಿ ಕಪಾಟಿನಲ್ಲಿಟ್ಟಳು.

ಸೊಸೆ ನೋಡುತ್ತಲೇ ಇದ್ದಳು. ಆಮೇಲೆ ಮಡಿಲಲ್ಲಿ ಮುದ್ದೆಯಾಗಿದ್ದ, ಅಂಚಿಗೆ ಎಲಾಸ್ಟಿಕ್ ಇರುವ ಹಾಸನ್ನು ಎತ್ತಿ ಹಿಡಿದಳು. "ಇದನ್ನ ಹೇಗೆ ಮಡಿಸೋದು ಅಂತ ನಂಗೆ ಗೊತ್ತಿಲ್ಲ ಅತ್ತೆ. ಮದುವೆಯಾಗಿ ಬಂದಾಗಿನಿಂದ ಗೊತ್ತಿಲ್ಲ."

"ಮೊದ್ಲೇ ಕೇಳ್ಬಾರ್ದಿತ್ತಾ?" ಅಂದವಳು, ತನ್ನ ಮಾತಿಗೆ ತಾನೇ ನಕ್ಕುಬಿಟ್ಟಳು. "ಏಳು. ಆ ಕಡೆ ಎರಡು ಮೂಲೆ ಹಿಡ್ಕೋ."